ಸೂರ್ಯಾಸ್ತಕ್ಕೊಂದು ಟವೆಲ್

ಆಶ್ವಯುಜ ಬಂದರೆ ಶರದೃತು ಆರಂಭವಾಯಿತೆಂದು ನಮ್ಮ ಪಂಚಾಂಗ ಹೇಳುತ್ತದೆ. ಗ್ರೀಸಿನ ಪಂಚಾಂಗ ಇದಕ್ಕಿಂತ ಖಚಿತವಾದದ್ದು. ಅಲ್ಲಿ ಋತುಗಳನ್ನು ಯೂರೊ ಲೆಕ್ಕದಲ್ಲಿ ಅಳೆಯುತ್ತಾರೆ. 2025ರ ಜುಲೈ 21ರಿಂದ ಜಾರಿಗೆ ಬಂದ ನಿಯಮದಂತೆ ಸ್ಯಾಂಟೊರಿನಿ ದ್ವೀಪದಲ್ಲೋ ಮಿಕೊನೊಸ್‌ನಲ್ಲೋ ಕ್ರೂಸ್ ಹಡಗಿನಿಂದ ಇಳಿಯುವ ಪ್ರತಿಯೊಬ್ಬ ಪ್ರಯಾಣಿಕನೂ ಸೆಪ್ಟೆಂಬರ್ ಕೊನೆಯವರೆಗೆ 20 ಯೂರೊ, ಅಕ್ಟೋಬರ್‌ನಲ್ಲಿ 12 ಯೂರೊ, ನವೆಂಬರ್ ಹುಟ್ಟಿದರೆ 4 ಯೂರೊ ತೆರಬೇಕು. ಅಂದರೆ ಸೆಪ್ಟೆಂಬರ್ 30ರ ಮಧ್ಯರಾತ್ರಿ, ತಲೆಗೆ 8 ಯೂರೊ ರಿಯಾಯಿತಿಯೊಂದಿಗೆ, ಅಲ್ಲಿ ಶರತ್ಕಾಲ ಪ್ರವೇಶವಾಗುತ್ತದೆ. ಆ ವರ್ಷ ನಮ್ಮ ಆಯುಧಪೂಜೆ ಸರಿಯಾಗಿ ಅಕ್ಟೋಬರ್ 1ಕ್ಕೇ ಬಿದ್ದಿತ್ತು. ಚಾಮುಂಡೇಶ್ವರಿಯೂ ಗ್ರೀಸ್ ಸರ್ಕಾರವೂ ಒಂದೇ ಮುಹೂರ್ತಕ್ಕೆ ಒಪ್ಪಿರುವಾಗ ನಾವು ತಡಮಾಡುವುದು ಸರಿಯಲ್ಲವೆಂದು, ದಸರಾ ರಜೆಗೆ ಮೆಡಿಟರೇನಿಯನ್ ದ್ವೀಪವೊಂದಕ್ಕೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

ಯಾವ ದ್ವೀಪ ಎಂಬುದಷ್ಟೇ ಬಾಕಿಯಿತ್ತು. ಮೊದಲು ಸ್ಪೇನಿನ ಮಯೋರ್ಕಾವನ್ನು ನೋಡಿದೆವು. 2023ರ ಆಗಸ್ಟ್‌ನಲ್ಲಿ ಅಲ್ಲಿನ ಮನಕೋರ್ ಭಾಗದ ಕಡಲತೀರಗಳಲ್ಲಿ ಹೋರಾಟಗಾರರು ಕೆಲವು ಫಲಕಗಳನ್ನು ಹಾಕಿದ್ದರು. ಅಪಾಯಕಾರಿ ಜೆಲ್ಲಿ ಮೀನುಗಳಿವೆ, ಎಚ್ಚರ ಎಂದು ಇಂಗ್ಲಿಷ್‌ನಲ್ಲಿ ದಪ್ಪಕ್ಷರ. ತೊಂದರೆ ಇರುವುದು ಜೆಲ್ಲಿ ಮೀನಿನಿಂದಲ್ಲ, ಪ್ರವಾಸಿಗಳ ಜಂಗುಳಿಯಿಂದ ಎಂದು ಅದರ ಕೆಳಗೆ ಕತಲಾನ್ ಭಾಷೆಯಲ್ಲಿ ಸಣ್ಣಕ್ಷರ. ಕತಲಾನ್ ಬಲ್ಲವರು ಹಾಯಾಗಿ ಈಜಿದರೆ, ಅರಿಯದವರು ದಡದಲ್ಲೇ ನಿಂತು ನೀರನ್ನು ದಿಟ್ಟಿಸಬೇಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಲೇಬೇಕೆಂದು ಕಾನೂನು ಮಾಡಿಕೊಂಡ ನಮಗೆ, ನಾಡನುಡಿಯನ್ನು ಚಿಕ್ಕದಾಗಿ ಬರೆದೂ ಇಷ್ಟೊಂದು ಕೆಲಸ ಮಾಡಿಸಿಕೊಳ್ಳಬಹುದೆಂಬುದು ಹೊಳೆದೇ ಇರಲಿಲ್ಲ.

ಆಮೇಲೆ ಇಟಲಿಯ ಸಾರ್ಡೀನಿಯ. ಅಲ್ಲಿ ಲಾ ಪೆಲೋಸಾ ಎಂಬ ಬೆಳ್ಳನೆಯ ತೀರವಿದೆ. ಹಂಗಾಮಿನಲ್ಲಿ ದಿನಕ್ಕೆ 1500 ಜನರಿಗಷ್ಟೇ ಪ್ರವೇಶ, ಮುಂಗಡವಾಗಿ ಮೂರೂವರೆ ಯೂರೊ ಕೊಟ್ಟು ಹೆಸರು ಬರೆಸಬೇಕು, ಟವೆಲನ್ನು ನೇರವಾಗಿ ಮರಳಿನ ಮೇಲೆ ಹಾಸುವಂತಿಲ್ಲ, ಕೆಳಗೆ ಚಾಪೆ ಕಡ್ಡಾಯ. ಒದ್ದೆ ಟವೆಲಿಗೆ ಅಂಟಿಕೊಂಡ ಮರಳು ಪ್ರವಾಸಿಗಳೊಂದಿಗೆ ಊರೂರು ಸೇರಿ ತೀರವೇ ಕರಗುತ್ತಿದೆಯಂತೆ. ಈ ನಿಯಮವನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ, ಏಕೆಂದರೆ 2019ರಲ್ಲಿ ಅದೇ ದ್ವೀಪದಿಂದ ಫ್ರಾನ್ಸಿನ ದಂಪತಿ ಬಾಟಲಿಗಳಲ್ಲಿ ತುಂಬಿಸಿ ಕಾರಿನಲ್ಲಿ ಸಾಗಿಸುತ್ತಿದ್ದ ಮರಳಿನ ತೂಕ ಸುಮಾರು 40 ಕಿಲೊ. ಮರಳು ದಂಧೆ ನಮ್ಮ ನದಿಗಳಿಗಷ್ಟೇ ಮೀಸಲೆಂದು ತಿಳಿದಿದ್ದೆವು. ಆದರೂ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯನ್ನು ಕುಲಕಸುಬಿನಂತೆ ಕಲಿತ ಕುಟುಂಬವೊಂದು ಟವೆಲಿಗೇ ನಿರ್ಬಂಧವಿರುವ ಕಡೆ ಹೋಗಿ ಮಾಡುವುದೇನು?

ಹೀಗೆ ಉಳಿದದ್ದು ಸ್ಯಾಂಟೊರಿನಿ. 76 ಚದರ ಕಿಲೊಮೀಟರ್ ವಿಸ್ತೀರ್ಣ, ಹದಿನೈದು ಸಾವಿರ ಚಿಲ್ಲರೆ ಖಾಯಂ ನಿವಾಸಿಗಳು, 2023ರಲ್ಲಿ ಬಂದುಹೋದವರು ಸುಮಾರು 34 ಲಕ್ಷ. 2024ರ ಜುಲೈನಲ್ಲಿ, ಒಂದೇ ದಿನ ಹಡಗುಗಳಿಂದ 17,000 ಜನ ಇಳಿಯಲಿದ್ದಾರೆಂದು ತಿಳಿದಾಗ, ಅಲ್ಲಿನ ಸ್ಥಳೀಯ ಸಮಿತಿಯೊಂದರ ಅಧ್ಯಕ್ಷರು ಫೇಸ್‌ಬುಕ್‌ನಲ್ಲಿ ಮನವಿಯೊಂದನ್ನು ಪ್ರಕಟಿಸಿದರು. ಆ ಮನವಿ ಪ್ರವಾಸಿಗಳಿಗೆ ಮಾಡಿದ್ದೆಂದು ನೀವು ಊಹಿಸಿದ್ದರೆ ಆಡಳಿತದ ಒಳಮರ್ಮ ನಿಮಗೆ ತಿಳಿದಿಲ್ಲ. ಊರಿನವರು ಆದಷ್ಟು ಓಡಾಟ ಕಡಿಮೆ ಮಾಡಬೇಕೆಂದು ಊರಿನವರನ್ನೇ ಕೇಳಿಕೊಳ್ಳಲಾಗಿತ್ತು! ಮದುವೆ ಮನೆಗೆ ನೆಂಟರು ಹೆಚ್ಚಾದರೆಂದು ಮದುಮಗಳನ್ನು ಅಟ್ಟಕ್ಕೆ ಹತ್ತಿಸಿದಂತಾಯಿತು. ಜನ ರೇಗಿದ ಮೇಲೆ ಆ ಬರಹ ಮಾಯವಾಯಿತು, ಹಡಗುಗಳು ಆಗಲಿಲ್ಲ. 2025ರಿಂದ ಹಡಗಿನ ಪ್ರಯಾಣಿಕರಿಗೆ ದಿನಕ್ಕೆ 8,000ದ ಮಿತಿ ಬಂದಿದೆ. ಅಂದರೆ ಪ್ರತಿ ಇಬ್ಬರು ನಿವಾಸಿಗಳ ಪಾಲಿಗೆ ಒಬ್ಬ ಅತಿಥಿ, ಅದೂ ಹೋಟೆಲುಗಳಲ್ಲಿ ಇಳಿದುಕೊಂಡವರನ್ನು ಲೆಕ್ಕಕ್ಕೆ ಹಿಡಿಯದೆ.

ಎಲ್ಲರೂ ಕೊಟ್ಟ ಸಲಹೆ ಒಂದೇ: ಅಕ್ಟೋಬರ್‌ನಲ್ಲಿ ಹೋಗಿ, ಆಗ ಜನ ಇರುವುದಿಲ್ಲ. ಈ ಗುಟ್ಟನ್ನು ನಮಗೆ ಹೇಳಿದವರ ಸಂಖ್ಯೆಯನ್ನು ನೋಡಿದಾಗಲೇ ಅಲ್ಲಿ ಯಾರು ಯಾರು ಇರುತ್ತಾರೆಂಬುದು ಅಂದಾಜಾಯಿತು. ಗಾಳಿಯ ಅಬ್ಬರ ತಗ್ಗಿ ಸಮುದ್ರ ಇನ್ನೂ ಬೆಚ್ಚಗಿರುವ ಕಾಲ ಅದು. ಅಕ್ಟೋಬರ್ 26ರ ಸಂತ ದಿಮಿತ್ರಿಯ ಹಬ್ಬದ ಹೊತ್ತಿಗೆ ಮರಳಿ ಬರುವ ಎಳೆ ಬಿಸಿಲಿನ ನಾಲ್ಕು ದಿನಗಳಿಗೆ ಗ್ರೀಕರು ದಿಮಿತ್ರಿಯ ಪುಟ್ಟ ಬೇಸಿಗೆ ಎನ್ನುತ್ತಾರೆ. ಸರ್ಕಾರಕ್ಕೂ ಈ ನಂಬಿಕೆಯಿರುವಂತಿದೆ. ಹೋಟೆಲಿನಲ್ಲಿ ತಂಗುವವರಿಂದ ಪ್ರತ್ಯೇಕವಾಗಿ ವಸೂಲು ಮಾಡುವ ಹವಾಮಾನ ಶುಲ್ಕದಲ್ಲಿ ಬೇಸಿಗೆಯ ದರ ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೂ ಅನ್ವಯಿಸುತ್ತದೆ: ಪಂಚತಾರಾ ಕೋಣೆಗೆ ರಾತ್ರಿಗೆ 15 ಯೂರೊ, ತಾರೆಗಳು ಕಡಿಮೆಯಾದಂತೆ ಹವಾಮಾನದ ಮುನಿಸೂ ಕಡಿಮೆ. ಹೀಗೆ ಬಂದರಿನಲ್ಲಿ ಶರತ್ಕಾಲವಾಗಿರುವ ಅಕ್ಟೋಬರ್ 1, ಹೋಟೆಲಿನ ಮೆಟ್ಟಿಲು ಹತ್ತುವಷ್ಟರಲ್ಲಿ ಬೇಸಿಗೆಯಾಗಿರುತ್ತದೆ. ಸ್ಮಾರ್ತರ ಏಕಾದಶಿ ಇವತ್ತು, ವೈಷ್ಣವರದು ನಾಳೆ ಎಂದು ಅಜ್ಜಿಯರು ಜಗಳವಾಡುವುದನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ಗೊಂದಲವೇನೂ ಆಗಲಿಲ್ಲ.

ಹೋಗುವುದಾದರೂ ಏತಕ್ಕೆ? ಸೂರ್ಯ ಮುಳುಗುವುದನ್ನು ನೋಡುವುದಕ್ಕೆ. ದ್ವೀಪದ ಉತ್ತರ ತುದಿಯ ಇಯಾ ಎಂಬ ಊರಿನಲ್ಲಿ ಹಳೆಯ ಕೋಟೆಯ ಮುರುಕು ಗೋಡೆಗಳ ಮೇಲೆ ಜನ ಗಂಟೆಗಟ್ಟಲೆ ಮುಂಚಿತವಾಗಿ ಜಾಗ ಹಿಡಿದು ಕುಳಿತಿರುತ್ತಾರೆ. ಸೂರ್ಯ ಮುಳುಗಿದೊಡನೆ ಚಪ್ಪಾಳೆ ತಟ್ಟುತ್ತಾರೆ. ಆತ ಅಂದು ಚೆನ್ನಾಗಿ ಅಭಿನಯಿಸಿದನೆಂಬ ಮೆಚ್ಚುಗೆಯಿರಬೇಕು. ಆ ಹೊತ್ತಿಗಾಗಿಯೇ ಬಾಡಿಗೆಗೆ ಸಿಗುವ ಉಡುಪೊಂದಿದೆ: ಧರಿಸಿದವರಿಗಿಂತ ಎಷ್ಟೋ ಪಟ್ಟು ಉದ್ದವಾದ, ಕೆಂಪೋ ಹಳದಿಯೋ ಬಣ್ಣದ ಸೆರಗು ಅದರದ್ದು. ಸಹಾಯಕನೊಬ್ಬ ಆ ಸೆರಗನ್ನು ಮುದ್ದೆಮಾಡಿ ಹಿಡಿದು, ಗಾಳಿಗೆ ತೂರಿ, ಚಿತ್ರದ ಚೌಕಟ್ಟಿನಿಂದ ಓಡಿಹೋಗುತ್ತಾನೆ. ಬಟ್ಟೆ ಕೆಳಗೆ ಬೀಳುವಷ್ಟರಲ್ಲಿ ಕ್ಯಾಮೆರಾ ಕ್ಲಿಕ್ಕಿಸುತ್ತದೆ. ಆತ ಮತ್ತೆ ಬಂದು ಮುದ್ದೆಮಾಡುತ್ತಾನೆ. ಹಿಂದೆ ನೀಲಿ ಗುಮ್ಮಟ, ಅದರ ಪಕ್ಕದಲ್ಲಿ ಯಾರದೋ ಅಡುಗೆಮನೆಯ ಕಿಟಕಿ. ಇದು ನಿಮಗೆ ರಜೆ, ನಮಗೆ ಮನೆ, ದಯವಿಟ್ಟು ಗೌರವಿಸಿ ಎಂಬರ್ಥದ ಫಲಕಗಳನ್ನು ಇಯಾದ ಜನ ಅಲ್ಲಲ್ಲಿ ಹಾಕಿದ್ದಾರೆ.

‘ಅಲ್ಲಿ ಮುಳುಗುವುದೂ ಆಗುಂಬೆಯಲ್ಲಿ ಮುಳುಗುವ ಸೂರ್ಯನೇ ಅಲ್ಲವೇನಪ್ಪ?’ ಎಂದು ಅಮ್ಮ ಫೋನಿನಲ್ಲಿ ಕೇಳಿದರು. ಆಗುಂಬೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂದೆ.

ಫಿರಾ ಪಟ್ಟಣದ ಕೆಳಗಿನ ಹಳೆಯ ಬಂದರಿನಿಂದ ಮೇಲಕ್ಕೆ ಸುಮಾರು ಆರುನೂರು ಮೆಟ್ಟಿಲುಗಳಿವೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿಗೂ ಅರಿಶಿನ ಕುಂಕುಮ ಹಚ್ಚುತ್ತಲೇ ಹತ್ತುವವರಿಗೆ ಇದು ದೊಡ್ಡ ಮಾತಲ್ಲ, ಆದರೆ ಪ್ರವಾಸಿಗಳು ಕೇಬಲ್ ಕಾರನ್ನೋ ಕತ್ತೆಯನ್ನೋ ಏರುತ್ತಾರೆ. ಕತ್ತೆಯ ಮೇಲೆ 100 ಕಿಲೊ, ಇಲ್ಲವೇ ಅದರ ದೇಹತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರ ಹೇರಬಾರದೆಂದು 2018ರಲ್ಲಿ ಗ್ರೀಸ್ ನಿಯಮ ಮಾಡಿತು. ಕತ್ತೆ ಹೊರಬಹುದಾದ ಭಾರಕ್ಕೆ ಸಿಕ್ಕ ಈ ಲೆಕ್ಕ, ದ್ವೀಪ ಹೊರುವ ಹಡಗುಗಳ ಭಾರಕ್ಕೆ ಸಿಗಲು ಇನ್ನೂ ಏಳು ವರ್ಷ ಹಿಡಿಯಿತು.

ಸ್ಯಾಂಟೊರಿನಿ ಈಚೆಗೆ ಒಮ್ಮೆ ಹೆಚ್ಚುಕಡಿಮೆ ಖಾಲಿಯಾಗಿತ್ತು. 2025ರ ಫೆಬ್ರುವರಿಯಲ್ಲಿ ಸಾಲುಸಾಲಾಗಿ ಸಾವಿರಾರು ಸಣ್ಣ ಭೂಕಂಪನಗಳಾದಾಗ ತುರ್ತುಸ್ಥಿತಿ ಘೋಷಿಸಿ, ಶಾಲೆಗಳನ್ನು ಮುಚ್ಚಿ, ಈಜುಕೊಳಗಳನ್ನು ಬರಿದು ಮಾಡುವಂತೆ ಸೂಚಿಸಲಾಯಿತು. 11,000ಕ್ಕೂ ಹೆಚ್ಚು ಜನ ದ್ವೀಪ ಬಿಟ್ಟರು. ಬೇಸಿಗೆಗೆ ಮುನ್ನ ಕೊಳಗಳು ಮತ್ತೆ ತುಂಬಿದವು.

ಇನ್ನು ಕೋಣೆ ಹುಡುಕುವ ಕೆಲಸ. ಗ್ರೀಸಿನಲ್ಲಿ ಶಾಲೆಗಳು ಸೆಪ್ಟೆಂಬರ್ ನಡುವಿಗೆ ತೆರೆಯುತ್ತವೆ. ಇಂಥ ದ್ವೀಪಗಳಿಗೆ ಹೊಸದಾಗಿ ನೇಮಕವಾದ ಶಿಕ್ಷಕರು ಕೈಗೆಟುಕುವ ಬಾಡಿಗೆಗೆ ಮನೆ ಸಿಗದೆ ಪರದಾಡುವುದು ಅಲ್ಲಿ ಪ್ರತಿವರ್ಷದ ಸುದ್ದಿ. ಒಂದು ಶಾಲಾವರ್ಷಕ್ಕೆ ಸೂರು ಬೇಕಾದ ಮೇಷ್ಟರೂ ನಾಲ್ಕು ರಾತ್ರಿಗೆ ಬೇಕಾದ ನಾನೂ ಅದೇ ವಾರಗಳಲ್ಲಿ ಅದೇ ಕೋಣೆಗಳನ್ನು ಹುಡುಕುತ್ತಿದ್ದೆವು. ಮೇಷ್ಟರ ತಿಂಗಳ ಸಂಬಳದ ದೊಡ್ಡ ಪಾಲನ್ನು ನಾಲ್ಕು ರಾತ್ರಿಗೆ ಕೊಡಲು ನಾನು ಸಿದ್ಧನಿದ್ದುದರಿಂದ ಕೋಣೆ ನನಗೇ ಸಿಕ್ಕಿತು. ಬಿಸಿಲು ಮಚ್ಚಿನಿಂದ ಸಮುದ್ರ ಭಾಗಶಃ ಕಾಣುತ್ತದೆಯಂತೆ.

ಕೊನೆಯದು ಷೆಂಗೆನ್ ವೀಸಾ, ಅಂದರೆ ಗ್ರೀಸೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಕೊಡುವ ಪ್ರವೇಶಪತ್ರ. ದೊಡ್ಡವರಿಗೆ 90 ಯೂರೊ ಶುಲ್ಕ, ನಿರಾಕರಿಸಿದರೂ ಹಿಂದಕ್ಕೆ ಬರುವುದಿಲ್ಲ. ಹೋಗಲು ಅನುಮತಿ ಸಿಗುವ ಮೊದಲೇ ಬರುವ ಟಿಕೆಟ್ಟನ್ನೂ ತಂಗುವ ಎಲ್ಲ ರಾತ್ರಿಗಳ ಕಾದಿರಿಸುವಿಕೆಯನ್ನೂ ತೋರಿಸಬೇಕು, ಜೊತೆಗೆ ಕನಿಷ್ಠ 30,000 ಯೂರೊ ಮೌಲ್ಯದ ವೈದ್ಯಕೀಯ ವಿಮೆ. ನಾನು ಮರಳಿ ಬಂದೇ ಬರುತ್ತೇನೆಂದು ಕಚೇರಿಯವರು ರಜೆಪತ್ರದಲ್ಲಿ ಬರೆದುಕೊಟ್ಟರು. ಬ್ಯಾಂಕಿನ ಮ್ಯಾನೇಜರು ಖಾತೆಯ ಪ್ರತಿ ಪುಟಕ್ಕೂ ಮೊಹರು ಒತ್ತಿ, ‘ಸಾರ್, ಇಷ್ಟರಲ್ಲಿ ಕೂರ್ಗಿಗೆ ಹತ್ತು ಸಲ ಹೋಗಬಹುದಿತ್ತು’ ಎಂದರು. ಸಾಲದ ಕಂತು, ಸಂಬಳದ ಚೀಟಿ, ಮೂರು ವರ್ಷದ ತೆರಿಗೆ ವಿವರಗಳನ್ನೆಲ್ಲ ಊಟದ ಮೇಜಿನ ಮೇಲೆ ಜೋಡಿಸಿಕೊಂಡು, ಅರ್ಜಿಯಲ್ಲಿ ಪ್ರವಾಸದ ಉದ್ದೇಶ ಎಂಬಲ್ಲಿ ‘ವಿಶ್ರಾಂತಿ’ ಎಂದು ತುಂಬಿದಾಗ ರಾತ್ರಿ ಒಂದೂವರೆಯಾಗಿತ್ತು.