ಹೆಪ್ಪು ಕೇಳಲು ಬಂದ ಭಾಮೈದ

ಕಳೆದ ಭಾನುವಾರ ಬೆಳಗ್ಗೆ ಕೋರಮಂಗಲದಿಂದ ನನ್ನ ಭಾಮೈದ ಬಂದ. ಮಾವಿನ ಕಾಲವಲ್ಲ, ಅವರೆಕಾಯಿ ಕಾಲವೂ ಅಲ್ಲ, ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿರಲಿಲ್ಲ. ಈ ಮೂರರಲ್ಲಿ ಒಂದಾದರೂ ಇಲ್ಲದೆ ಬೆಂಗಳೂರಿನ ನೆಂಟರು ಕೋಲಾರದ ಕಡೆ ತಲೆ ಹಾಕುವುದಿಲ್ಲವೆಂಬುದು ನನ್ನ ಇಪ್ಪತ್ತು ವರ್ಷದ ಅನುಭವ. ಕಾರಿನಿಂದ ಇಳಿದವನೇ ಹನ್ನೆರಡು ಪುಟದ ಬಣ್ಣಬಣ್ಣದ ವರದಿಯೊಂದನ್ನು ಜಗುಲಿಯ ಮೇಲಿಟ್ಟ.

“ಭಾವ, ನನ್ನ ಕರುಳಿಗೆ ನೂರಕ್ಕೆ 58 ಬಂದಿದೆ.”

ಎಸ್ಸೆಸ್ಸೆಲ್ಸಿ ಗಣಿತದಲ್ಲೂ ಅವನು ಹೆಚ್ಚುಕಡಿಮೆ ಇಷ್ಟೇ ತೆಗೆದಿದ್ದ. ಆಗ ಇಷ್ಟು ದುಃಖಪಟ್ಟಿರಲಿಲ್ಲ.

ವಿಷಯ ಇಷ್ಟು. ಯಾವುದೋ ಕಂಪನಿಯವರು ಮನೆಗೆ ಒಂದು ಪುಟ್ಟ ಕೊಳವೆ ಕಳುಹಿಸುತ್ತಾರೆ. ಬೆಳಗಿನ ಬಹಿರ್ದೆಸೆಯ ಒಂದು ಚೂರನ್ನು ಅದರಲ್ಲಿ ತುಂಬಿ ಕೊರಿಯರ್ ಮಾಡಬೇಕು. ಅದರ ಜೊತೆಗೆ ಒಂದು ಕರುವಿನ ಬೆಲೆಯನ್ನೂ ಕಳುಹಿಸಬೇಕು. ಅವರು ಅದರೊಳಗಿನ ಬ್ಯಾಕ್ಟೀರಿಯಾಗಳ ಜಾತಿಗಣತಿ ಮಾಡಿ ಅಂಕಪಟ್ಟಿ ಕೊಡುತ್ತಾರೆ. ನಮ್ಮ ರಾಜ್ಯದಲ್ಲಿ ಜಾತಿಗಣತಿಯ ವರದಿಯೊಂದು ಇಷ್ಟು ಬೇಗ ಹೊರಬಂದದ್ದು ಇದೇ ಮೊದಲಿರಬೇಕು. ಕೊನೆಯ ಪುಟದಲ್ಲಿ, ‘ಒಳ್ಳೆಯ’ ಬ್ಯಾಕ್ಟೀರಿಯಾ ತುಂಬಿದ ಅದೇ ಕಂಪನಿಯ ಕ್ಯಾಪ್ಸೂಲುಗಳ ಬೆಲೆಪಟ್ಟಿ ಇತ್ತು. ಫೇಲು ಮಾಡುವ ಮೇಷ್ಟರೇ ಸಂಜೆ ಟ್ಯೂಷನ್ ನಡೆಸುವುದು ನಮಗೇನು ಹೊಸದಲ್ಲ.

ಅಂಕ ಕೊಡಬೇಕಾದರೆ ಮಾದರಿ ಉತ್ತರವೊಂದು ಇರಬೇಕಲ್ಲ, ಅದು ಎಲ್ಲಿದೆ? ಅಮೆರಿಕದ ಸರ್ಕಾರಿ ದುಡ್ಡಿನಲ್ಲಿ ನಡೆದ ಮಾನವ ಸೂಕ್ಷ್ಮಜೀವಿ ಯೋಜನೆಯವರು ಅದನ್ನೇ ಹುಡುಕಿ ಹೊರಟರು. ಹಲ್ಲಿನ ಹುಳುಕನ್ನೂ ಬಿಡದೆ ಪರೀಕ್ಷಿಸಿ 242 ಮಂದಿ ಆರೋಗ್ಯವಂತರನ್ನು ಆರಿಸಿದರು. ಗಂಡಸರ ಮೈಯ 15 ಕಡೆಯಿಂದ, ಹೆಂಗಸರ ಮೈಯ 18 ಕಡೆಯಿಂದ ಮಾದರಿ ತೆಗೆದರು. 2012ರಲ್ಲಿ ಫಲಿತಾಂಶ ಬಂತು. ಎಲ್ಲರೂ ಆರೋಗ್ಯವಂತರೇ, ಆದರೆ ಒಬ್ಬರ ಕರುಳಿನ ಸಂಸಾರ ಇನ್ನೊಬ್ಬರದರ ಹಾಗಿಲ್ಲ. ರೋಗ ತರುವುದಕ್ಕೆ ಹೆಸರಾದ ಜೀವಿಗಳೂ ಬಹುತೇಕ ಎಲ್ಲರೊಳಗೂ ತೆಪ್ಪಗೆ ಕುಳಿತಿದ್ದವು. ಹೋಲಿಕೆ ಇದ್ದದ್ದು ಆ ಜೀವಿಗಳು ಮಾಡುವ ಕೆಲಸದಲ್ಲಿ ಮಾತ್ರ. ಹಿಂದೆ ನಮ್ಮ ಕಡೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ಒಂದೂರಿನಲ್ಲಿ ಅವನು ಮುನಿಯಪ್ಪ, ಇನ್ನೊಂದೂರಿನಲ್ಲಿ ವೆಂಕಟಪ್ಪ. ತೂಬು ಹೊತ್ತಿಗೆ ಸರಿಯಾಗಿ ತೆರೆದರೆ ಸಾಕು, ಹೆಸರು ಯಾರಿಗೆ ಬೇಕು? ಭಾಮೈದನ ವರದಿಯಾದರೋ ನೀರುಗಂಟಿಯ ಹೆಸರು ಮುನಿಯಪ್ಪ ಅಲ್ಲವೆಂದು ಊರಿಗೇ ಅಂಕ ಕಳೆದಿತ್ತು.

ಬೊಜ್ಜು, ಸಕ್ಕರೆ ಕಾಯಿಲೆ, ಕರುಳಿನ ಉರಿಯೂತ ಇರುವವರ ಹೊಟ್ಟೆಯಲ್ಲಿ ಈ ಜೀವಿಗಳ ಸಮತೋಲ ಬೇರೆಯಾಗಿರುತ್ತದೆ ಎಂಬುದು ನಿಜ. ಅದರಿಂದ ರೋಗ ಬಂತೋ, ರೋಗದಿಂದ ಅದು ಬಂತೋ ಎಂಬ ಜಗಳ ಬಹುಪಾಲು ರೋಗಗಳ ವಿಷಯದಲ್ಲಿ ಇನ್ನೂ ಮುಗಿದಿಲ್ಲ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತೆಂದ ಮುದುಕಿ ಈಗ ಬಣ್ಣದ ವರದಿ ಅಚ್ಚು ಹಾಕಿಸುತ್ತಿದ್ದಾಳೆ, ಅಷ್ಟೇ.

“ವೈವಿಧ್ಯ ಸಾಲದು ಎಂದು ಬರೆದಿದ್ದಾರೆ. ಹಳ್ಳಿಯವರ ಕರುಳಿನಲ್ಲಿ ವೈವಿಧ್ಯ ಜಾಸ್ತಿಯಂತೆ ಭಾವ. ಎರಡು ದಿನ ನಿಮ್ಮಲ್ಲಿ ಮುದ್ದೆ, ಮಜ್ಜಿಗೆ, ಮಣ್ಣಿನ ಸಹವಾಸ ಮಾಡಿ ಹೋಗೋಣವೆಂದು ಬಂದೆ.”

ಒಳಗಿನಿಂದ ನನ್ನ ತಾಯಿ ಕೂಗಿದರು: “ಹೆಪ್ಪು ಕೇಳಲು ಬಂದಿದ್ದಾನೆ ಅನ್ನು!”

ಕಳೆದ ವರ್ಷ ನೆಗಡಿಯಾದಾಗಲೆಲ್ಲ, ಒಟ್ಟು ಮೂರು ಸಲ, ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಆ್ಯಂಟಿಬಯಾಟಿಕ್ ಕೊಂಡು ನುಂಗಿದವನು ಇವನೇ. ನೆಗಡಿ ತರುವುದು ವೈರಸ್, ಮಾತ್ರೆ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಕಳ್ಳ ಹಿತ್ತಲಲ್ಲಿ ಓಡುತ್ತಿರುವಾಗ ಪೊಲೀಸರು ಜಗುಲಿಯ ಮೇಲಿನ ಮುದುಕರನ್ನು ಹೊಡೆದ ಹಾಗೆ. ಆಮೇಲೆ ಕ್ಯಾಪ್ಸೂಲು ನುಂಗಿದ. ಆ್ಯಂಟಿಬಯಾಟಿಕ್ ಆದ ಮೇಲೆ ಇಂಥ ಕ್ಯಾಪ್ಸೂಲು ತಿಂದವರಲ್ಲಿ ಮೂಲನಿವಾಸಿ ಜೀವಿಗಳು ಮರಳಿ ಬರುವುದು ಇನ್ನೂ ತಡವಾಯಿತೆಂದು ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 2018ರಲ್ಲೇ ತೋರಿಸಿದ್ದಾರೆ. ಇದನ್ನು ಹೇಳಿದರೆ ಅವನು ನನ್ನನ್ನು ಹಳ್ಳಿಗಮಾರನನ್ನು ನೋಡುವಂತೆ ನೋಡಿದ. ಅವನಿಗೆ ಬೇಕಾಗಿದ್ದದ್ದು ನನ್ನ ಬ್ಯಾಕ್ಟೀರಿಯಾ, ಬುದ್ಧಿಯಲ್ಲ.

ಹೆಪ್ಪಿನ ಮಾತು ತಮಾಷೆಯದಲ್ಲ. ಆ್ಯಂಟಿಬಯಾಟಿಕ್ ತಿಂದು ತಿಂದು ಕರುಳು ಬಯಲಾದವರಲ್ಲಿ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಬೇರೂರಿ ಭೇದಿ ಹಚ್ಚುತ್ತದೆ, ಕೆಲವರ ಪ್ರಾಣವನ್ನೇ ತೆಗೆಯುತ್ತದೆ. ಆಗ ಆರೋಗ್ಯವಂತನ ಮಲವನ್ನು ಕದಡಿ, ಸೋಸಿ, ರೋಗಿಯ ಕರುಳಿಗೆ ಹೆಪ್ಪು ಹಾಕುತ್ತಾರೆ. ನೆದರ್ಲೆಂಡ್ಸ್‌ನವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ರೋಗಿಗಳ ಪೈಕಿ 13 ಮಂದಿ ಮೊದಲ ಸಲಕ್ಕೇ ಗುಣವಾದರು. ಆದರೆ ಆ ದಾನಿಯಾಗುವುದೆಂದರೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ. ರಕ್ತ ಪರೀಕ್ಷೆ, ಮಲ ಪರೀಕ್ಷೆ, ಇತ್ತೀಚೆಗೆ ಎಲ್ಲಿಗೆ ಹೋಗಿದ್ದೆ, ಯಾವ ಔಷಧಿ ತಿಂದೆ ಎಂಬ ವಿಚಾರಣೆ. ಒಂದು ಪರೀಕ್ಷೆ ತಪ್ಪಿದ್ದಕ್ಕೆ ಅಮೆರಿಕದಲ್ಲಿ ಒಬ್ಬನೇ ದಾನಿಯಿಂದ ಇಬ್ಬರಿಗೆ ಔಷಧಕ್ಕೆ ಬಗ್ಗದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ತಗುಲಿತು, ಒಬ್ಬರು ಸತ್ತರು. 2019ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಿದರು.

ಒಬ್ಬ ದಾನಿ, ಒಂದು ಲೋಟದಷ್ಟು ದ್ರಾವಣ, ಅದಕ್ಕೆ ಇಷ್ಟು ಕಟ್ಟುನಿಟ್ಟು! ಕೋಲಾರ ಜಿಲ್ಲೆಗೆ ಇಡೀ ಮಹಾನಗರವೇ ದಾನಿ.

ಓದುಗರು ಬೇರೆ ಜಿಲ್ಲೆಯವರಾದರೆ ತಿಳಿಸಬೇಕು. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗೆ ಹರಿದುಬರುವ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಡುವುದೇ ಕೆ.ಸಿ. ವ್ಯಾಲಿ ಯೋಜನೆ. ಗುರಿ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈನಲ್ಲಿ ನೊರೆ ಬಂತು, ಅದರ ಹಿಂದೆಯೇ ಹೈಕೋರ್ಟಿನ ತಡೆಯಾಜ್ಞೆ ಬಂತು, ಆಮೇಲೆ ಮತ್ತೆ ನೀರು ಬಂತು. ಸುಳ್ಳು ಹೇಳಬಾರದು, ಸಾವಿರ ಅಡಿ ಕೊರೆದರೂ ಬರೀ ದೂಳು ಉಗುಳುತ್ತಿದ್ದ ಜಿಲ್ಲೆಯಲ್ಲಿ ಬತ್ತಿದ ಕೊಳವೆಬಾವಿಗಳು ಮತ್ತೆ ನೀರೆತ್ತಿದವು, ರೈತ ಟೊಮೆಟೊ ನಾಟಿ ಮಾಡಿದ. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಹೋರಾಟಗಾರರು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದಾರೆ. ಎರಡೇ ಸಾಕೆಂಬುದು ಅಧಿಕಾರಿಗಳ ವಾದ. ಹಾಗೆಂದು ಕೆರೆಯಿಂದ ನೇರವಾಗಿ ಪಂಪು ಹಚ್ಚುವಂತಿಲ್ಲ, ಅಂತರ್ಜಲಕ್ಕೆ ಮಾತ್ರ ಎಂಬ ನಿಯಮವೂ ಅವರದೇ. ನೀರು ಶುದ್ಧವಾಗಿದೆ, ಮುಟ್ಟಬೇಡಿ ಎಂದರ್ಥ.

ಊಟವಾದ ಮೇಲೆ ಭಾಮೈದನನ್ನು ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋದೆ. ನೀರು ತುಂಬಿ ತುಳುಕುತ್ತಿತ್ತು, ಬೆಳ್ಳಕ್ಕಿಗಳು ಕುಳಿತಿದ್ದವು. ಅವನು ಎದೆ ತುಂಬಾ ಉಸಿರು ಎಳೆದುಕೊಂಡು, ಹಳ್ಳಿಯ ಗಾಳಿಯಲ್ಲೇ ಎಷ್ಟೊಂದು ಜೀವ ಇದೆ ಎಂದ.

“ಇದೆ. ನಿನ್ನವೇ,” ಎಂದೆ.

“ಅಂದರೆ?”

“ನೀನು ಕೋರಮಂಗಲದಲ್ಲಿ ಬೆಳಗ್ಗೆ ಕೊರಿಯರ್ ಮಾಡಿದ್ದು ಒಂದು ಚೂರು. ಮಿಕ್ಕಿದ್ದನ್ನು ಎಲ್ಲಿಗೆ ಕಳುಹಿಸಿದೆ? ನೀನು ಈಗ ಬಂದೆ. ನಿನ್ನ ಮನೆಯ ನೀರು ಆರೇಳು ವರ್ಷದ ಹಿಂದೆಯೇ ಇಲ್ಲಿಗೆ ಬಂದು ಕುಳಿತಿದೆ.”

ಅವನು ಬಹಳ ಹೊತ್ತು ನೀರನ್ನೇ ನೋಡಿದ. ಆಮೇಲೆ ಕೇಳಿದ, “ಇದಕ್ಕೆ ಎಷ್ಟು ಅಂಕ ಬಂದಿದೆ ಭಾವ?”

ಎರಡು ದಿನವೆಂದು ಬಂದವನು ಸಂಜೆಗೇ ಹೊರಟ. ನನ್ನ ತಾಯಿ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಹಾಕಿ, ಮುಚ್ಚಳಕ್ಕೆ ಬಟ್ಟೆ ಬಿಗಿದು ಕೈಗೆ ಕೊಟ್ಟರು. ಕುದಿಯುವ ಹಾಲಿಗೆ ಹಾಕಬೇಡ, ಉಗುರುಬೆಚ್ಚಗಿರಲಿ ಎಂದು ಎರಡೆರಡು ಸಲ ಹೇಳಿದರು. ಕಾರಿನ ಬಾಗಿಲು ತೆರೆದವನು ತಿರುಗಿ ನಿಂತ.

“ಅತ್ತೆ, ಹಸು ನೀರು ಕುಡಿಯುವುದು ಎಲ್ಲಿ?”

ಅಮ್ಮ ಗದ್ದ ಎತ್ತಿ ಕೆರೆಯ ಕಡೆ ತೋರಿಸಿದರು. ಡಬ್ಬಿ ಹಿಡಿದುಕೊಂಡು ಅವನು ಹಾಗೆಯೇ ನಿಂತಿದ್ದ. ಕಾರಿನ ಬಾಗಿಲು ಮುಚ್ಚಿಲ್ಲವೆಂದು ಅದು ಒಂದೇ ಸಮನೆ ಕೂಗುತ್ತಿತ್ತು.