ನಮ್ಮ ಬಲವೋ, ತಾಯಿಯ ಬಲವೋ?

ಇವತ್ತು ಬೆಳಗ್ಗೆ ನಮ್ಮ ಮನೆಯಲ್ಲಿ ಇಪ್ಪತ್ತು ನಿಮಿಷ ಫ್ಯಾನ್ ಬಂದ್. ಕರೆಂಟೇನೂ ಹೋಗಿರಲಿಲ್ಲ. ಅಮ್ಮ ದೇವರ ಹತ್ತಿರ ಹೂ ಕೇಳುತ್ತಿದ್ದಳು. ಫ್ಯಾನ್ ಗಾಳಿಗೆ ಬಿದ್ದ ಹೂ ಲೆಕ್ಕಕ್ಕಿಲ್ಲವಂತೆ. ಊರು ಕಲಬುರಗಿ, ತಿಂಗಳು ಮೇ. ಮಧ್ಯಾಹ್ನ 42 ಡಿಗ್ರಿ ಮುಟ್ಟುವ ಕಡೆ ಬೆಳಗ್ಗೆ ಎಂಟಕ್ಕೇ ಬನಿಯನ್ ಮೈಗೆ ಅಂಟಿರುತ್ತೆ.

ನಿನ್ನೆ ಸಂಜೆ ಬ್ಯಾಂಕಿನಿಂದ ವರ್ಗದ ಆರ್ಡರ್ ಬಂದಿದೆ. ಶಿರಸಿಗೆ. ಮೂರು ವರ್ಷದ ಹಿಂದೆ ಹೀಗೇ ಮೈಸೂರಿನಿಂದ ಇಲ್ಲಿಗೆ ಎತ್ತಿ ಹಾಕಿದ್ದರು. ಆಗಲೂ ಅಮ್ಮ ಚಾಮುಂಡಿ ಫೋಟೋದ ಎರಡೂ ಕಡೆ ಒದ್ದೆ ಸೇವಂತಿಗೆ ಸಿಕ್ಕಿಸಿ ಕೂತಿದ್ದಳು. ಹೂ ಬಲಕ್ಕೆ ಬಿತ್ತು. "ತಾಯಿ ಅಪ್ಪಣೆ ಕೊಟ್ಟಳು" ಅಂದಳು. ಬಸವ ಎಕ್ಸ್‌ಪ್ರೆಸ್ ಹತ್ತಿದೆವು.

ಇವತ್ತೂ ಅದೇ ಫೋಟೋ, ಅದೇ ಶಾಸ್ತ್ರ. ನಾನು ಪೇಪರಿನಲ್ಲಿ ಗಾಳಿ ಹಾಕಿಕೊಂಡೆ. "ಆ ಗಾಳಿಯೂ ಬೇಡ" ಅಂದಳು. ಉಸಿರು ಬಿಡಬಹುದಾ ಅಂತ ಕೇಳಬೇಕೆನಿಸಿತು. ಕಾಫಿ ಆರಿತು. ಬಸ್ಸೂ ತಪ್ಪಿತು. ಕೊನೆಗೆ ಹೂವೊಂದು ಜಾರಿತು. ಎಡಕ್ಕೆ!

ನನಗೆ ಒಳಗೊಳಗೇ ಖುಷಿ. ಈಗಷ್ಟೇ ಜೋಳದ ರೊಟ್ಟಿ ಹಲ್ಲಿಗೆ ಪಳಗಿದೆ, ಮಾತಿನ ಕೊನೆಗೆ ತಾನಾಗಿಯೇ 'ರೀ' ಬರುತ್ತಿದೆ. "ನೋಡು, ಬೇಡ ಅಂತಿದ್ದಾಳೆ" ಅಂದೆ.

"ನಿನಗೆ ಎಡ ಕಣೋ. ತಾಯಿ ನಮ್ಮ ಕಡೆ ಮುಖ ಮಾಡಿ ಕೂತಿದ್ದಾಳಲ್ವಾ? ಅವಳಿಗೆ ಅದು ಬಲ."

"ಹೋದ ಸಲ ನಮ್ಮ ಬಲ ಲೆಕ್ಕಕ್ಕೆ ಬಂತಲ್ಲ?"

"ಹೋದ ಸಲ ನನಗೆ ಅಷ್ಟು ತಿಳಿದಿರಲಿಲ್ಲ."

"ಹಾಗಾದ್ರೆ ಹೋದ ಸಲ ಬೇಡ ಅಂದಿದ್ದಳಾ?"

ಅಮ್ಮ ಸ್ವಲ್ಪ ಯೋಚಿಸಿದಳು. "ಆರ್ಡರ್ ಬಂದ ಮೇಲೆ ಹೇಗೆ ಬೇಡ ಅಂತಾಳೆ? ಅವಳಿಗೂ ಗೊತ್ತಾಗಲ್ವಾ?"

ಬ್ಯಾಂಕಿನ ಹೆಡ್ ಆಫೀಸಿಗೂ ಚಾಮುಂಡಿಗೂ ಇಷ್ಟು ಒಳ್ಳೆಯ ಹೊಂದಾಣಿಕೆ ಇರುವುದು ಯೂನಿಯನ್ನಿನವರಿಗೂ ಗೊತ್ತಿರಲಿಕ್ಕಿಲ್ಲ. ಅಮ್ಮ ಆಗಲೇ ಶಿರಸಿಯ ಮಾರಿಕಾಂಬೆ ಬೇರೆ ಅಲ್ಲ, ಚಾಮುಂಡಿ ಬೇರೆ ಅಲ್ಲ ಅಂತ ತೀರ್ಮಾನಿಸಿ, ಅಲ್ಲಿಯ ಜಾತ್ರೆ ಎರಡು ವರ್ಷಕ್ಕೊಮ್ಮೆಯಂತೆ, ಮುಂದಿನದು ಯಾವಾಗ ಅಂತ ನನ್ನನ್ನೇ ಕೇಳಿದಳು. ನಾನಿನ್ನೂ ಸಾಮಾನು ಲಾರಿಯ ಬಾಡಿಗೆ ಯೋಚಿಸುತ್ತಿದ್ದೆ.

ಆಮೇಲೆ ಹಿತ್ತಲಿಗೆ ಹೋದಳು. ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಮೇಲಿಂದ ಬಿಸಿ ರೊಟ್ಟಿ ಕೊಟ್ಟರು. ಮೂರು ವರ್ಷದಿಂದ ಹೆಚ್ಚೂಕಮ್ಮಿ ದಿನಾ ಕೊಡುತ್ತಾರೆ. ರೊಟ್ಟಿ ಬಡಿಯಲು ಅಮ್ಮನಿಗೆ ಕಲಿಸಿದ್ದೂ ಅವರೇ. ಅಮ್ಮ ಇವತ್ತು ತಟ್ಟೆ ಹಿಡಿದು ಸುಮ್ನೆ ನಿಂತೇ ಇದ್ದಳು. ವರ್ಗದ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. "ಬಿಸಲು ಭಾಳ್ ಅದ, ಒಳಗ್ ಹೋಗ್ರಿ" ಅಂತ ಅಜ್ಜಿಯೇ ಕಳಿಸಿದರು.

ನಾನು ಫ್ಯಾನ್ ಹಾಕಿದೆ. ಫೋಟೋದ ಮೇಲೆ ಉಳಿದಿದ್ದ ಹೂ ಹಾರಿಬಂದು, ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಸೀದಾ ನನ್ನ ತಣ್ಣನೆ ಕಾಫಿಯೊಳಗೆ ಬಿತ್ತು.

ಅಮ್ಮ ಬಾಗಿಲಲ್ಲಿ ನಿಂತು ಲೋಟವನ್ನೇ ನೋಡಿದಳು.

"ಫ್ಯಾನ್ ಗಾಳಿಗೆ ಬಿದ್ದಿದ್ದು, ಲೆಕ್ಕಕ್ಕಿಲ್ಲ" ಅಂದೆ.

"ಹೌದು," ಅಂದಳು. "ಬೇರೆ ಕಾಫಿ ಮಾಡ್ತೀನಿ ಇರು."