ಇದರಲ್ಲಿ ಯಾರ ಸೀರೆ ಇದೆ?

ಅವ್ವ ಪೆನ್ಸಿಲ್ವೇನಿಯಾಕ್ಕೆ ಬಂದು ಹದಿನೈದು ದಿನಗಳಾಗಿದ್ದವು. ಬೇಸರವಾಗಿದೆ ಎಂದು ಬಾಯಿಬಿಟ್ಟು ಹೇಳುವವಳಲ್ಲ. ಬೆಳಗ್ಗೆ ಎದ್ದು ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡಳೆಂದರೆ ನಾವೇ ತಿಳಿದುಕೊಳ್ಳಬೇಕು. ಆ ಶನಿವಾರ, ಆಮಿಶ್ ಜನರ ಕಡೆಗೆ ಹೋಗಿಬರೋಣ ಎಂದೆ. "ಆಮಿಷದವರೇ? ಏನು ಆಮಿಷ ಒಡ್ಡುತ್ತಾರೆ?" ಎಂದು ಕೇಳಿದಳು. ತಂತಿಯ ವಿದ್ಯುತ್ತು ಬೇಡ, ಸ್ವಂತ ಕಾರು ಬೇಡ, ಟಿವಿ ಬೇಡ ಎಂದು ಬಾಳುವ ಜನರಿಗೆ ಕನ್ನಡದ ಕಿವಿ ಇಂಥ ಹೆಸರನ್ನು ದಯಪಾಲಿಸಿದೆ! ಅದು ಯಾಕೋಬ್ ಅಮ್ಮನ್ ಎಂಬ ಧರ್ಮಗುರುವಿನಿಂದ ಬಂದ ಹೆಸರು, 1693ರಲ್ಲಿ ಸ್ವಿಟ್ಜರ್ಲೆಂಡಿನ ಕಡೆ ಮೆನೊನೈಟರೆಂಬ ಕ್ರೈಸ್ತ ಬಳಗದೊಳಗೆ ಜಗಳವಾಗಿ ಬೇರೆಯಾದ ಪಂಗಡ ಎಂದೆಲ್ಲ ನಾನು ವಿವರಿಸುವ ಹೊತ್ತಿಗೆ ಅವಳ ಗಮನ ರಸ್ತೆಯ ಮೇಲಿನ ಕುದುರೆಗಾಡಿಯತ್ತ ಹೋಗಿತ್ತು.

ಲ್ಯಾಂಕಾಸ್ಟರ್ ಕೌಂಟಿಯ 340ನೇ ನಂಬರಿನ ರಸ್ತೆಯಲ್ಲಿ, ಬರ್ಡ್-ಇನ್-ಹ್ಯಾಂಡ್ ಎಂಬ ಊರನ್ನು ದಾಟಿದ ಮೇಲೆ, ಒಂದು ಹೊಲದ ಮನೆಯ ಮುಂದೆ ಹಲಗೆ ಕಂಡಿತು. ಕ್ವಿಲ್ಟ್‌ಗಳಿವೆ, ಭಾನುವಾರ ವ್ಯಾಪಾರವಿಲ್ಲ ಎಂದು ಬರೆದಿತ್ತು. ಕ್ವಿಲ್ಟ್ ಎಂದರೆ ಬಟ್ಟೆಯ ಚೂರುಗಳನ್ನು ಕೂಡಿಸಿ ಹೊಲಿದ ಹೊದಿಕೆ. ಒಳಗೆ ದೊಡ್ಡದೊಂದು ಮಂಚ, ಅದರ ಮೇಲೆ ಒಂದರ ಮೇಲೊಂದರಂತೆ ಹಾಸಿದ ಇಪ್ಪತ್ತೋ ಮೂವತ್ತೋ ಕ್ವಿಲ್ಟ್‌ಗಳು. ಮನೆಯೊಡತಿ ಒಂದು ಬದಿಯಲ್ಲಿ, ಮಗಳು ಇನ್ನೊಂದು ಬದಿಯಲ್ಲಿ ನಿಂತು ಪುಸ್ತಕದ ಹಾಳೆ ತಿರುವಿದಂತೆ ಒಂದೊಂದನ್ನೇ ಮಡಚಿ ತೋರಿಸುತ್ತಿದ್ದರು. ಅವ್ವ ಮೇಲಿನ ಬಣ್ಣವನ್ನು ನೋಡಲೇ ಇಲ್ಲ. ಒಂದು ಮೂಲೆಯನ್ನು ಹಿಡಿದು ಮಗುಚಿ, ಹಿಂಬದಿಯ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದಳು. ಮನೆಯೊಡತಿ ಮಾತು ನಿಲ್ಲಿಸಿ ಆ ಬೆರಳನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ತಾಯಿ ಹೊಲಿಯುತ್ತಾರೆ ಅಲ್ಲವೇ ಎಂದಳು.

"ಇದರಲ್ಲಿ ಯಾರ ಸೀರೆ ಇದೆ ಕೇಳು" ಎಂದಳು ಅವ್ವ. ಸೀರೆ ಎಂಬುದನ್ನು ಉಡುಪು ಎಂದು ಮಾಡಿ ಕೇಳಿದೆ. ಯಾರದೂ ಇಲ್ಲ, ಎಲ್ಲವೂ ಅಂಗಡಿಯಿಂದ ತಂದ ಹೊಸ ಬಟ್ಟೆ ಎಂಬ ಉತ್ತರ ಬಂತು. ಅವ್ವನಿಗೆ ಅದು ಒಪ್ಪಿಗೆಯಾಗಲಿಲ್ಲ. "ಹೊಸ ಬಟ್ಟೆಯನ್ನು ಚೂರು ಚೂರು ಮಾಡಿ ಮತ್ತೆ ಕೂಡಿಸಿ ಹೊಲಿಯುವುದೇ? ಹಾಗಾದರೆ ಕತ್ತರಿಸಿದ್ದಾದರೂ ಏಕೆ?" ಇದನ್ನು ನಾನು ಅನುವಾದಿಸಲಿಲ್ಲ. ಬೆಲೆಯ ಚೀಟಿಯಲ್ಲಿ 1,200 ಡಾಲರ್ ಎಂದಿತ್ತು. ಅವ್ವ ಮನಸ್ಸಿನಲ್ಲೇ ಗುಣಿಸಿ, ಒಂದು ಲಕ್ಷ ರೂಪಾಯಿ ಎಂದು ತಿಳಿದಾಗ, ಮುಟ್ಟಿದ ಮೂಲೆಯನ್ನು ಮೆಲ್ಲಗೆ ಸರಿಪಡಿಸಿ ಇಟ್ಟಳು.

ನಾನು ಈ ಸೀಮೆಗೆ ಬಂದು ಹದಿನೆಂಟು ವರ್ಷಗಳಾದವು. ಕಂಡಕಂಡವರಿಗೆಲ್ಲ, ನಮ್ಮಲ್ಲೂ ಇಂಥದ್ದೇ ಇದೆ, ಕೌದಿ ಎನ್ನುತ್ತೇವೆ ಎಂದು ಹೇಳಿಕೊಂಡು ಬಂದಿದ್ದೇನೆ. ಅವ್ವನ ಎರಡು ಪ್ರಶ್ನೆಗಳಿಂದ ಆ ಮಾತು ಸಡಿಲವಾಯಿತು.

ಗದಗದ ಕಡೆಯ ನಮ್ಮ ಮನೆಯಲ್ಲಿ ಕೌದಿ ಎಂದರೆ, ಉಟ್ಟ ಬಟ್ಟೆ ಹರಿದು ನೆಲ ಒರೆಸುವ ಅರಿವೆಯಾಗುವುದಕ್ಕೆ ಮುಂಚೆ ಅದಕ್ಕಿದ್ದ ಇನ್ನೊಂದು ಬಾಳು. ಹಳೆಯ ಸೀರೆ, ಧೋತರಗಳನ್ನು ನಾಲ್ಕೈದು ಪದರವಾಗಿ ಹಾಸಿ, ಮೇಲೆ ಚೂರುಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತ ಹೋಗುತ್ತಾರೆ. ಹತ್ತಿ ತುಂಬುವುದಿಲ್ಲ, ಬಟ್ಟೆಯೇ ಅದರ ಹೊಟ್ಟೆ. ಚೌಕಟ್ಟು ಇಲ್ಲ, ಪೆನ್ಸಿಲ್ಲಿನ ಗೆರೆ ಇಲ್ಲ. ನೆಲದ ಮೇಲೆ ಹರಡಿ, ಅದರ ಮೇಲೆಯೇ ಕುಳಿತು, ಹೊಲಿದಂತೆಲ್ಲ ಸರಿಯುತ್ತ ಹೋಗುವುದು. ಒದ್ದೆಯಾದರೆ ಇಬ್ಬರು ಎರಡು ಕಡೆ ಹಿಡಿದು ಹಿಂಡಬೇಕು, ಅಷ್ಟು ಭಾರ. ಕೂಸಿಗೆ ಹಾಸುವುದಂತೂ ಹಳೆಯ ಬಟ್ಟೆಯದೇ, ಹೊಸದು ಮೈಗೆ ಒರಟು. ನನ್ನ ಕೌದಿಯಲ್ಲಿ ಅಜ್ಜಿಯ ಹಸಿರು ಇಳಕಲ್ ಸೀರೆಯ ಒಡಲಿತ್ತು, ಅಪ್ಪನ ಪಟ್ಟೆ ಪೈಜಾಮವಿತ್ತು, ಅತ್ತೆ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಲಂಗವಿತ್ತು. ಜ್ವರ ಬಂದಾಗ ಯಾವ ಚೂರು ಯಾರದೆಂದು ಎಣಿಸುತ್ತ ಮಲಗುತ್ತಿದ್ದೆ.

ಆಮಿಶರ ಕ್ವಿಲ್ಟ್ ಇದರ ತಂಗಿಯಲ್ಲ. ಅದಕ್ಕೆ ಮೂರು ಪದರ. ಮೇಲೆ ಚೂರುಗಳನ್ನು ಜೋಡಿಸಿದ ಹೊದಿಕೆ, ನಡುವೆ ಹತ್ತಿ ಅಥವಾ ಪಾಲಿಯೆಸ್ಟರಿನ ತೆಳು ಹಾಸು, ಕೆಳಗೆ ಒಂದೇ ಬಟ್ಟೆಯ ಬೆನ್ನು. ಚೂರುಗಳನ್ನು ಕೂಡಿಸುವುದು ಕಾಲಿನಿಂದ ತುಳಿಯುವ ಯಂತ್ರದಲ್ಲಿ. ಪದರಗಳನ್ನು ಬೆಸೆಯುವ ಹೊಲಿಗೆ ಮಾತ್ರ ಕೈಯಿಂದ. ಮರದ ಚೌಕಟ್ಟಿಗೆ ಬಿಗಿದು, ಸುತ್ತ ಕುಳಿತು, ಒಂದು ಅಂಗುಲಕ್ಕೆ ಎಂಟು ಹತ್ತು ಹೊಲಿಗೆ ಬೀಳುವಂತೆ ಹೊಲಿಯುತ್ತಾರೆ. ಲ್ಯಾಂಕಾಸ್ಟರಿನ ಹಳೆಯ ಕ್ವಿಲ್ಟ್‌ಗಳ ವಿನ್ಯಾಸ ಕಣ್ಣಿಗೆ ಬಹಳ ಸರಳ. ಸೆಂಟರ್ ಡೈಮಂಡ್ ಎಂಬುದರಲ್ಲಿ ಚೌಕದ ನಡುವೆ ಮೂಲೆಯ ಮೇಲೆ ನಿಂತ ಇನ್ನೊಂದು ದೊಡ್ಡ ಚೌಕ, ಅಷ್ಟೆ. ಸನ್‌ಶೈನ್ ಅಂಡ್ ಶ್ಯಾಡೋ ಎಂಬುದರಲ್ಲಿ ನೂರಾರು ಸಣ್ಣ ಚೌಕಗಳು ನಡುವಿನಿಂದ ಅಲೆಯಲೆಯಾಗಿ ಹೊರಟು ಬಿಸಿಲು ನೆರಳಿನ ಉಂಗುರಗಳಾಗುತ್ತವೆ. ಹೂವಿನ ಅಚ್ಚಿನ ಬಟ್ಟೆ ಮೇಲ್ಮೈಗೆ ಬರುವಂತಿಲ್ಲ. ಗಾಢ ಕೆಂಪು, ನೇರಳೆ, ನೀಲಿಯ ಉಣ್ಣೆ ಬಟ್ಟೆ, ಅದರ ಮೇಲೆ ಅದೇ ಬಣ್ಣಕ್ಕೆ ಹತ್ತಿರದ ದಾರದಲ್ಲಿ ಗರಿಗಳು, ಗುಲಾಬಿಗಳು, ಹಾರಗಳು. ದೂರದಿಂದ ನೋಡಿದರೆ ಬರಿಯ ಬಣ್ಣದ ಗದ್ದೆ, ಹತ್ತಿರ ಹೋದರೆ ಇಡೀ ತೋಟ.

ಇಲ್ಲಿನ ಪ್ರವಾಸಿಗರಿಗೆ ಎರಡು ಕತೆಗಳನ್ನು ಹೇಳುತ್ತಾರೆ. ಬಡತನದಲ್ಲಿ ಚಿಂದಿ ಕೂಡಿಸಿ ಶುರುವಾದ ಕಲೆ ಇದು ಎಂಬುದು ಒಂದು. ದೇವರೊಬ್ಬನೇ ಪರಿಪೂರ್ಣ ಎಂದು ಹೆಂಗಸರು ಬೇಕೆಂದೇ ಒಂದು ತಪ್ಪು ಚೂರನ್ನು ಸೇರಿಸುತ್ತಾರೆ ಎಂಬುದು ಇನ್ನೊಂದು. ಎರಡೂ ನಿಲ್ಲುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಹಡಗು ಹತ್ತಿ ಬಂದಾಗ ಈ ಜನರಿಗೆ ಕ್ವಿಲ್ಟ್ ಗೊತ್ತೇ ಇರಲಿಲ್ಲ. ಇಂಗ್ಲಿಷ್ ಮಾತನಾಡುವ ನೆರೆಯವರಿಂದ ಕಲಿತು, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ತಮ್ಮದೆನ್ನುವಂತೆ ಮಾಡಿಕೊಂಡರು. ಆ ದೊಡ್ಡ ದೊಡ್ಡ ಉಣ್ಣೆಯ ತುಂಡುಗಳನ್ನು ದುಡ್ಡು ಕೊಟ್ಟೇ ತಂದಿದ್ದರು. ಬೇಕೆಂದೇ ಮಾಡುವ ತಪ್ಪಿನ ಬಗ್ಗೆ ಅದೇ ಮನೆಯೊಡತಿಯನ್ನು ಕೇಳಿದೆ. ಬೇಡವೆಂದರೂ ಬೇಕಾದಷ್ಟು ತಪ್ಪುಗಳಾಗುತ್ತವೆ, ಹೊಸದಾಗಿ ಏಕೆ ಮಾಡಬೇಕು ಎಂದು ನಕ್ಕಳು. ಅಂದಹಾಗೆ ಇವರ ಬಾಯಲ್ಲಿ ಹೊರಗಿನವರೆಲ್ಲ "ಇಂಗ್ಲಿಷರು". ಮನೆಯಲ್ಲಿ ಇವರು ಆಡುವುದು ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ಕವಲಿನ ಮಾತು. ಇಂಗ್ಲಿಷಿನ ಒಂದಕ್ಷರ ಬಾರದ ನನ್ನ ಅವ್ವ ಆ ಮಧ್ಯಾಹ್ನದ ಮಟ್ಟಿಗೆ ಇಂಗ್ಲಿಷಿನವಳಾಗಿದ್ದಳು.

ನಮ್ಮ ಹೊರನಾಡ ಕನ್ನಡಿಗರಿಗೆ ಆಮಿಶರ ಮೇಲೆ ಅಪಾರ ಪ್ರೀತಿ. ತುಂಬಿದ ಸಂಸಾರ, ಹೊಲ, ಹಸು, ಮುನ್ನೂರು ವರ್ಷ ಕಳೆದರೂ ಬಿಡದ ಮನೆಮಾತು. ನಮ್ಮ ಹಳ್ಳಿಗಳು ಹೀಗೇ ಇದ್ದವು ಎಂದು ಕಣ್ಣು ತುಂಬಿಕೊಳ್ಳುತ್ತಾರೆ, ಮಕ್ಕಳ ಹತ್ತಿರ ಇಂಗ್ಲಿಷಿನಲ್ಲೇ ಹಾಗೆಂದು ಹೇಳುತ್ತಾರೆ, ಒಂದು ಬಾಟಲಿ ಉಪ್ಪಿನಕಾಯಿ ಕೊಂಡು ಮನೆಗೆ ಮರಳುತ್ತಾರೆ. ನಾನೂ ಆ ಗುಂಪಿನವನೇ. ಆದರೆ ಇವರಿಂದ ಕಲಿಯಬೇಕಾದದ್ದು ಕುದುರೆಗಾಡಿಯಲ್ಲಿಲ್ಲ, ದಾರದಲ್ಲಿದೆ.

ಕ್ವಿಲ್ಟ್ ವ್ಯಾಪಾರ ದೊಡ್ಡದಾದದ್ದು ತೀರಾ ಹಳೆಯ ಮಾತಲ್ಲ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ, ಜೊನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವ್ಯಾನ್ ಡರ್ ಹೂಫ್ ಸಂಗ್ರಹಿಸಿದ್ದ ಅಮೆರಿಕದ ಕ್ವಿಲ್ಟ್‌ಗಳನ್ನು ಆಧುನಿಕ ಚಿತ್ರಗಳಂತೆ ಗೋಡೆಗೆ ತೂಗುಹಾಕಿತು. ಆಮೇಲೆ ಕೊಳ್ಳುವವರು ಆಮಿಶರ ಮನೆಬಾಗಿಲಿಗೇ ಬಂದರು. ಅಜ್ಜಿಯರ ಕಪ್ಪು ಕಪ್ಪನೆಯ ಹೊದಿಕೆಗಳಿಗೆ ಪೇಟೆಯವರು ಕೈತುಂಬ ಹಣ ಕೊಡುವುದನ್ನು ಕಂಡ ಮನೆಯವರು ಅವುಗಳನ್ನು ಕೊಟ್ಟು, ಮಾರಲು ಹೊಸದನ್ನು ಹೊಲಿಯತೊಡಗಿದರು. ಇಂದು ಅಂಗಡಿಯಲ್ಲಿ "ಸಾಂಪ್ರದಾಯಿಕ" ಎಂದು ಸಿಗುವ ತಿಳಿಬಣ್ಣದ, ಹೂವಿನ ಅಚ್ಚಿನ, ಎರಡು ಉಂಗುರ ಹೆಣೆದ ವೆಡ್ಡಿಂಗ್ ರಿಂಗ್ ಕ್ವಿಲ್ಟ್‌ಗಳಿಗೂ ಆ ಹಳೆಯ ಕಡುಗೆಂಪು ಚೌಕಗಳಿಗೂ ದೂರದ ನಂಟು. 2001ರಲ್ಲಿ ಅಮೆರಿಕದ ಅಂಚೆ ಚೀಟಿಗೆ ಏರಿದ್ದು ಹಳೆಯವು, ಮಂಚಕ್ಕೆ ಮಾರಾಟವಾಗುವುದು ಹೊಸವು. ಇದರಲ್ಲಿ ನನಗೇನೂ ಮೋಸ ಕಾಣುವುದಿಲ್ಲ. ಕೊಳ್ಳುವವರ ಹಾಸಿಗೆಗೆ ಹೊಂದುವಂತೆ ಹೊಲಿದುಕೊಡುವುದೂ ಕಸುಬೇ.

ಈಗ ದಾರದ ಮಾತು. ಒಂದು ಕ್ವಿಲ್ಟ್ ಒಬ್ಬಳ ಕೈಯಲ್ಲಿ ಆಗುವುದು ಕಡಿಮೆ. ಬಣ್ಣ ಕೂಡಿಸುವವಳು ಒಬ್ಬಳು, ಚೂರು ಜೋಡಿಸುವವಳು ಇನ್ನೊಬ್ಬಳು, ಗೆರೆ ಎಳೆಯುವವಳು ಮತ್ತೊಬ್ಬಳು. ಕೈಹೊಲಿಗೆಗೆ ಅದು ಬೇರೆಯದೇ ಮನೆಗೆ ಹೋಗುತ್ತದೆ. ಹೊಲಿದವಳಿಗೆ ಕೂಲಿ ಕೊಡುವುದು ಎಷ್ಟು ಗಜ ದಾರ ಖರ್ಚಾಯಿತು ಎಂಬ ಲೆಕ್ಕದಲ್ಲಿ. ದೊಡ್ಡ ಕ್ವಿಲ್ಟಿಗೆ ನೂರಾರು ಗಜ ಬೇಕಾಗುತ್ತದೆ. ಒತ್ತಾಗಿ ಹೊಲಿದರೆ ಹೆಚ್ಚು ದಾರ, ಹೆಚ್ಚು ಕೂಲಿ. ಗಂಟೆಗೆ ಭಾಗಿಸಿದರೆ ಆ ಹಣ ಏನೂ ಸಾಲದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಇದನ್ನು ಮೊದಲು ಕೇಳಿದಾಗ ನಾನು ದಂಗಾದೆ. ಯಾರಿಗೂ ಕಾಣದ ಒಂದು ಕೆಲಸವನ್ನು ಇವರು ಅಳತೆಗೋಲಿಗೆ ಸಿಗುವಂತೆ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಕೌದಿ ಹೊಲಿಯುವುದು ಕೆಲಸವೆಂದೇ ಆಗಲಿಲ್ಲ. ಮನೆಯವಳು ಹೊಲಿದರೆ ಅದು ಬಿಡುವಿನ ವೇಳೆಯದು, ಹೊರಗಿನವಳು ಹೊಲಿದರೆ ಅವಳ ಹೊಟ್ಟೆಪಾಡಿನದು. ಕೌದಿ ಬೆಲೆಕಟ್ಟಲಾಗದ ಪ್ರೀತಿ ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ಈಗೀಗ ನನಗೆ ಸಿಟ್ಟು ಬರುತ್ತದೆ. ಬೆಲೆ ಕಟ್ಟಲಾಗದು ಎನ್ನುವುದು ಬೆಲೆ ಕೊಡದಿರುವುದಕ್ಕೆ ನಾವು ಕಂಡುಕೊಂಡ ಮರ್ಯಾದೆಯ ಮಾತು.

ಹಾಗೆಂದು ಇಲ್ಲಿ ಎಲ್ಲವೂ ನೆಟ್ಟಗಿದೆ ಎಂದಲ್ಲ. 1975ರ ನಂತರ ಲಾವೋಸಿನ ಯುದ್ಧದಿಂದ ತಪ್ಪಿಸಿಕೊಂಡು ಬಂದ ಹಮಾಂಗ್ ಜನರಲ್ಲಿ ಕೆಲವರು ಲ್ಯಾಂಕಾಸ್ಟರಿನಲ್ಲಿ ನೆಲೆಸಿದರು. ಮೆನೊನೈಟ್ ಚರ್ಚುಗಳು ಆಸರೆ ಕೊಟ್ಟವು. ಆ ಹೆಂಗಸರ ಕೈಯಲ್ಲಿ ಬಟ್ಟೆಯ ಮೇಲೆ ಬಟ್ಟೆ ಕತ್ತರಿಸಿ ಕೂರಿಸುವ ಅತಿ ನಾಜೂಕಿನ ಕಸೂತಿಯಿತ್ತು. ಥಾಯ್ಲೆಂಡಿನ ನಿರಾಶ್ರಿತರ ಶಿಬಿರಗಳಲ್ಲಿ ಕುಳಿತು ಇದೇ ಜನ ಮೆಕಾಂಗ್ ನದಿ ದಾಟಿದ ಕತೆಯನ್ನು ಬಟ್ಟೆಯ ಮೇಲೆ ಹೊಲಿದಿದ್ದರು. 1980ರ ದಶಕದಲ್ಲಿ ಹೂಬಳ್ಳಿಯ ಕ್ವಿಲ್ಟ್‌ಗಳಿಗೆ ಬೇಡಿಕೆ ಬಂದಾಗ ಅಂಗಡಿಗಳು ಹೂವು ಕೂರಿಸುವ ಕೆಲಸವನ್ನು ಇವರಿಗೆ ವಹಿಸಿದವು. ಎಷ್ಟೋ ಕ್ವಿಲ್ಟ್‌ಗಳು ಆಮಿಶ್ ಎಂಬ ಹೆಸರಿನಲ್ಲೇ ಮಾರಾಟವಾದವು. ಕೊಳ್ಳುವವರಿಗೆ ಬೇಕಿದ್ದದ್ದು ಬಿಳಿಯ ಟೊಪ್ಪಿಗೆಯ ಹೆಂಗಸು, ಲಾವೋಸಿನ ಬೆಟ್ಟದ ಹೆಂಗಸಲ್ಲ.

ಆಮಿಶ್ ಹೆಂಗಸೂ ತನ್ನ ಹೆಸರನ್ನು ಮುಂದೆ ಮಾಡುವವಳಲ್ಲ. ಹೆಮ್ಮೆ ಎಂಬುದು ಅವರಲ್ಲಿ ಪಾಪಕ್ಕೆ ಹತ್ತಿರ. ಮಗನಿಗೋ ಮಗಳಿಗೋ ಕೊಡಲು ಹೊಲಿದ ಕ್ವಿಲ್ಟಿನ ಹಿಂದೆ, ಮೂಲೆಯಲ್ಲಿ, ಎರಡಕ್ಷರ ಮತ್ತು ಇಸವಿ ಇರುವುದುಂಟು. ಅದು ಮನೆಯ ಗುರುತು, ಪೇಟೆಗಲ್ಲ. ತಾನಾಗಿಯೇ ಹೆಸರು ಬೇಡವೆಂದವಳು ಒಬ್ಬಳು, ಕೇಳಿದರೂ ಹೆಸರು ಸಿಗದವಳು ಇನ್ನೊಬ್ಬಳು. ಇಬ್ಬರೂ ಒಂದೇ ಹೊದಿಕೆಯ ಮೇಲಿದ್ದಾರೆ.

ಮಾರ್ಚ್ ತಿಂಗಳಲ್ಲಿ ಹಿಮ ಕರಗಿ ನೆಲವೆಲ್ಲ ರೊಜ್ಜಾದಾಗ ಇಲ್ಲಿ ಮಡ್ ಸೇಲ್ ಎಂಬ ಹರಾಜುಗಳು ನಡೆಯುತ್ತವೆ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಹಣ ಕೂಡಿಸುವ ಜಾತ್ರೆ. ಹಳೆಯ ನೇಗಿಲು, ಕುದುರೆ, ಕ್ವಿಲ್ಟ್ ಎಲ್ಲವೂ ಒಂದೇ ಬಯಲಿನಲ್ಲಿ. ಇಬ್ಬರು ಕ್ವಿಲ್ಟನ್ನು ಎತ್ತಿ ಹಿಡಿದು ನಿಂತರೆ ಕೂಗುವವನ ನಾಲಿಗೆ ನಮ್ಮ ಎಪಿಎಂಸಿಯ ದಲಾಲನನ್ನೂ ನಾಚಿಸುತ್ತದೆ. ವರ್ಷವೂ ಹೋಗುತ್ತೇನೆ. ಕೊಂಡಿದ್ದು ಒಮ್ಮೆ ಮಾತ್ರ, ಅದೂ ತೊಟ್ಟಿಲ ಅಳತೆಯದು.

ನಮ್ಮ ನಾಡಿನಲ್ಲೂ ಹೆಸರು ಕೇಳಿದವರು ಇಲ್ಲದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ, ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಗೆ ನಾಲ್ಕು ಮೂಲೆಯಲ್ಲೂ ಮಡಚಿದ ತ್ರಿಕೋನದ ಹೂವು ಇರಲೇಬೇಕು, ಇಲ್ಲದಿದ್ದರೆ ಅದು ಬತ್ತಲೆ ಎನ್ನುತ್ತಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒಡನಾಟದಿಂದ 2004ರಲ್ಲಿ ಅವರದೊಂದು ಸಹಕಾರಿ ಬಳಗ ಹುಟ್ಟಿತು, 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಡ್ರೂವಲ್ ಅವರ ಬರಹಗಳಲ್ಲಿ ಕವಂದಿಯ ಜೊತೆ ಹೊಲಿದವಳ ಹೆಸರೂ ಬರುತ್ತದೆ. ಉತ್ತರ ಕನ್ನಡದ ಕಾಡಿನ ಹೆಂಗಸರ ಹೆಸರು ಕೇಳಲು ವಿಸ್ಕಾನ್ಸಿನ್ನಿನಿಂದ ಬರಬೇಕಾಯಿತು ಎಂದು ಮೂದಲಿಸುವ ಹಕ್ಕು ನನಗಿಲ್ಲ. ಏಕೆಂದು ಹೇಳುತ್ತೇನೆ.

ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಕರಕುಶಲ ವಸ್ತುಗಳ ಮೇಜೊಂದನ್ನು ಇಡುವ ಹೊಣೆ ನನ್ನದಾಗಿತ್ತು. ಚನ್ನಪಟ್ಟಣದ ಬೊಂಬೆ, ಬಿದರಿ ಹೂದಾನಿಗಳ ಪಕ್ಕದಲ್ಲಿ ಮನೆಯಿಂದ ತಂದ ನನ್ನ ಕೌದಿಯನ್ನು ಇಳಿಬಿಟ್ಟಿದ್ದೆ. ಚೀಟಿಯಲ್ಲಿ "ಉತ್ತರ ಕರ್ನಾಟಕದ ಕೌದಿ, ಸುಮಾರು 1985" ಎಂದು ಚಂದದ ಅಕ್ಷರದಲ್ಲಿ ಬರೆದಿದ್ದೆ. ನಿಮ್ಮ ಅಜ್ಜಿ ಹೊಲಿದದ್ದೇ ಎಂದು ಒಬ್ಬಳು ಹುಡುಗಿ ಕೇಳಿದಳು. ಹೌದು ಎನ್ನುವುದು ಸುಲಭವಾಗಿತ್ತು, ಹೌದು ಎಂದುಬಿಟ್ಟೆ.

ಸುಳ್ಳು. ಆ ಕ್ವಿಲ್ಟ್ ನೋಡಿ ಮರಳುವಾಗ ಕಾರಿನಲ್ಲಿ ಅವ್ವನನ್ನು ಕೇಳಿದೆ, ನನ್ನ ಕೌದಿಯನ್ನು ಹೊಲಿದವಳು ಯಾರು ಎಂದು. ಹಸಿರು ಸೀರೆ ಯಾರದು, ಅದನ್ನು ಯಾವ ಮದುವೆಯಲ್ಲಿ ಕೊಟ್ಟಿದ್ದರು, ಅತ್ತೆಯ ಲಂಗ ಎಲ್ಲಿ ಮುಳ್ಳಿಗೆ ಸಿಕ್ಕಿ ಹರಿಯಿತು ಎಂಬುದೆಲ್ಲ ಅವಳಿಗೆ ನೆನಪಿತ್ತು. ಹೊಲಿದವಳು? ಸುಗ್ಗಿ ಮುಗಿದ ಮೇಲೆ ಊರೂರು ತಿರುಗುತ್ತ ಬಂದು ಕೆರೆಯ ಹತ್ತಿರ ಗುಡಿಸಲು ಹಾಕಿಕೊಳ್ಳುತ್ತಿದ್ದವರಲ್ಲಿ ಒಬ್ಬಳು. ಎಡಗೈಯಲ್ಲಿ ಹೊಲಿಯುತ್ತಿದ್ದಳು. ನಮ್ಮ ಪಡಸಾಲೆಯಲ್ಲೇ ನಾಲ್ಕು ದಿನ ಕುಳಿತಿದ್ದಳು, ಸಂಗಡ ಒಂದು ಸಣ್ಣ ಕೂಸಿತ್ತು. ಕೌದಿಯವಳು ಎಂದೇ ಕರೆಯುತ್ತಿದ್ದೆವು ಎಂದಳು ಅವ್ವ. ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದಳು.

"ಆರು ಸೇರು ಜೋಳ ಕೇಳಿದ್ದಳು. ನಿನ್ನ ಅಜ್ಜಿ ಐದಕ್ಕೆ ಒಪ್ಪಿಸಿದಳು."